ಕಡಲೆಂಬ ಕಷಾಯ

ಇಂಗ್ಲೆಂಡಿನಲ್ಲಿ ಸಮುದ್ರದಿಂದ ತಪ್ಪಿಸಿಕೊಂಡು ಬದುಕುವುದು ಕಷ್ಟ. ಡರ್ಬಿಷೈರ್‌ನಲ್ಲಿ ಕೋಟನ್ ಇನ್ ದಿ ಎಲ್ಮ್ಸ್ ಎಂಬ ಹಳ್ಳಿಯಿದೆ. ಇಡೀ ಬ್ರಿಟನ್ನಿನಲ್ಲಿ ಕಡಲಿಗೆ ಅತಿ ದೂರದ ಜಾಗ ಅದರ ಆಸುಪಾಸಿನಲ್ಲೇ ಇದೆಯಂತೆ. ಅಲ್ಲಿಂದಲೂ ಉಪ್ಪುನೀರು ಸುಮಾರು 70 ಮೈಲಿ, ಅಷ್ಟೇ. ನಾವಿರುವ ಲೆಸ್ಟರ್ ಅಲ್ಲಿಂದ ದೂರವೇನಿಲ್ಲ. ಅಂದರೆ ಈ ದೇಶದಲ್ಲಿ ಸಮುದ್ರದಿಂದ ಎಷ್ಟು ದೂರ ಓಡಬಹುದೋ ಹೆಚ್ಚುಕಡಿಮೆ ಅಷ್ಟು ದೂರ ಓಡಿಬಂದು ನಾನು ಸಂಸಾರ ಹೂಡಿದ್ದೇನೆ. ಆದರೂ ಮೇ ತಿಂಗಳ ಬ್ಯಾಂಕ್ ಹಾಲಿಡೇ ಹತ್ತಿರ ಬಂತೆಂದರೆ ನಮ್ಮ ಯಜಮಾನರು ಫೋನು ಹಿಡಿದು ಹವಾಮಾನ ನೋಡಲು ಕೂರುತ್ತಾರೆ.

"ಶನಿವಾರ ಹದಿನಾಲ್ಕು ಡಿಗ್ರಿಯಂತೆ ಕಣೇ. ಮಳೆ ಮೂವತ್ತು ಪರ್ಸೆಂಟ್ ಮಾತ್ರ!"

"ರೀ, ಹದಿನಾಲ್ಕು ಡಿಗ್ರಿ ಅಂದ್ರೆ ಮೈಸೂರಲ್ಲಿ ನಿಮ್ಮಮ್ಮ ಮಂಕಿ ಕ್ಯಾಪ್ ಹಾಕ್ಕೊಂಡು ಬಾಗಿಲು ಮುಚ್ಚಿಸ್ತಿದ್ರು."

"ಅದು ಮೈಸೂರು. ಇದು ಬೀಚು."

ಕುಕ್ಕರಹಳ್ಳಿ ಕೆರೆ ನೋಡಿಕೊಂಡು ಬೆಳೆದವರಿಗೆ ಅಲೆಯೆಂದರೆ ಅಪರೂಪದ ಪದಾರ್ಥ. ನಾನು ಕುಮಟೆಯವಳು. ನಮ್ಮ ಕಡೆ ಸಮುದ್ರಕ್ಕೆ ಹೋಗುವುದೆಂದರೆ ದೋಣಿಯವರು ಕೆಲಸಕ್ಕೆ ಹೋಗುವುದು. ಮಿಕ್ಕವರು ಹೋಗುತ್ತಿದ್ದದ್ದು ಬಿಸಿಲು ಇಳಿದ ಮೇಲೆ, ಚಪ್ಪಲಿ ಕೈಯಲ್ಲಿ ಹಿಡಿದು, ಶೇಂಗಾ ಮೆಲ್ಲುತ್ತ, ದಡದ ಮೇಲೆ ಮಾತ್ರ. ಮಳೆಗಾಲದಲ್ಲಿ ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳಿಗೇ ರಜೆ. ಆಗ ಮಕ್ಕಳು ನೀರಿನ ಹತ್ತಿರ ಸುಳಿದರೆ ಬೆನ್ನಿಗೆ ಬೀಳುತ್ತಿತ್ತು. ನೂಲ ಹುಣ್ಣಿಮೆಗೆ ತೆಂಗಿನಕಾಯಿ ಅರ್ಪಿಸಿ, ಕೈಮುಗಿದು, ಸಮುದ್ರರಾಜನನ್ನು ಸಮಾಧಾನ ಮಾಡಿದ ಮೇಲೆಯೇ ಮುಂದಿನ ವ್ಯವಹಾರ. ಹೀಗೆ ಬೆಳೆದವಳಿಗೆ, ಚಳಿಗಾಳಿಯಲ್ಲಿ ಅರ್ಧ ಬತ್ತಲೆ ಮಲಗಿ ಅದನ್ನು ಸುಖ ಎನ್ನುವ ಜನ ಅರ್ಥವಾಗುವುದಾದರೂ ಹೇಗೆ?

ಅರ್ಥ ಮಾಡಿಸಿದ್ದು ಬ್ರೈಟನ್. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ, ಹಾಗಾಗಿ ಭಾರತದಿಂದ ಬಂದ ನೆಂಟರನ್ನೆಲ್ಲ ಮೊದಲು ಒಯ್ಯುವುದು ಅಲ್ಲಿಗೇ. ಬಂದವರು ಮರಳು ಎಲ್ಲಿ ಎಂದು ಕೇಳುತ್ತಾರೆ. ಮರಳಿಲ್ಲ, ಮೈಲಿಗಟ್ಟಲೆ ಬೆಣಚುಕಲ್ಲು. ಚಪ್ಪಲಿ ಬಿಚ್ಚಿದವರು ಎರಡು ಹೆಜ್ಜೆಗೇ ಕೈ ಅಗಲಿಸಿ, ಹಗ್ಗದ ಮೇಲೆ ನಡೆಯುವವರ ಭಂಗಿಗೆ ಬರುತ್ತಾರೆ. ನೆನಪಿಗೆಂದು ಒಂದು ಕಲ್ಲು ಜೇಬಿಗೆ ಹಾಕಿಕೊಳ್ಳೋಣವೆಂದರೆ ಅದಕ್ಕೂ ಕಾನೂನು ಅಡ್ಡ: ದಡದ ಕಲ್ಲು ಒಯ್ಯುವವರಿಗೆಂದೇ 1949ರ ಕರಾವಳಿ ರಕ್ಷಣಾ ಕಾಯ್ದೆ ಇದೆ. ಇಂಥ ಊರಿಗೆ ಜನ ಯಾಕೆ ಮುಗಿಬಿದ್ದರು ಎಂದು ಕೆದಕಿದಾಗ ಸಿಕ್ಕಿದವನು ಡಾಕ್ಟರ್ ರಿಚರ್ಡ್ ರಸೆಲ್.

ಪಕ್ಕದ ಲೂಯಿಸ್ ಪಟ್ಟಣದಲ್ಲಿದ್ದ ಈ ವೈದ್ಯ 1750ರಲ್ಲಿ, ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರೇ ಮದ್ದು ಎಂದು ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಬರೆದ. ಮೀಯುವುದಕ್ಕಷ್ಟೇ ಅಲ್ಲ, ಕುಡಿಯುವುದಕ್ಕೂ! ದೊಡ್ಡವರಿಗೆ ಒಂದು ಪೈಂಟ್ ಸಾಕು, ಮೂರ್ನಾಲ್ಕು ಸಲ ಹೊಟ್ಟೆ ಚೊಕ್ಕಟವಾಗುತ್ತದೆ ಎಂಬುದು ಅವನ ಭರವಸೆ. ಆ ಭರವಸೆಯನ್ನು ನಾನು ಸುಲಭವಾಗಿ ನಂಬುತ್ತೇನೆ. ಪುಸ್ತಕ ಇಂಗ್ಲಿಷಿಗೂ ಬಂತು, ರೋಗಿಗಳು ಸಾಲುಗಟ್ಟಿದರು, ಡಾಕ್ಟರು ಬ್ರೈಟನ್ನಿನ ಕಡಲ ದಡದಲ್ಲೇ ಮನೆ ಕಟ್ಟಿಸಿದ. ರೋಗಿಗಳನ್ನು ಬಾತಿಂಗ್ ಮೆಷಿನ್ ಎಂಬ ಗಾಲಿಯ ಮರದ ಗೂಡಿನಲ್ಲಿ ಕೂರಿಸಿ, ಕುದುರೆ ಕಟ್ಟಿ ನೀರಿನೊಳಕ್ಕೆ ಎಳೆಸುತ್ತಿದ್ದರು. ಅಲ್ಲಿ ಮುಳುಗಿಸುವುದೇ ಉದ್ಯೋಗವಾಗಿದ್ದ ಗಟ್ಟಿಮುಟ್ಟು ಹೆಂಗಸರು ಕಾದಿರುತ್ತಿದ್ದರು. ಅವರಲ್ಲಿ ಮಾರ್ತಾ ಗನ್ ಎಂಬಾಕೆ ರಾಜಕುಮಾರನಿಗೂ ಪರಿಚಿತಳಾಗುವಷ್ಟು ಹೆಸರುವಾಸಿ. ಅವಳ ಚಿತ್ರ ನೋಡಿದ್ದೇನೆ. "ತಾಯೀ, ಇವತ್ತು ಸ್ವಲ್ಪ ನೆಗಡಿ" ಎಂದು ಹೇಳಿ ಪಾರಾಗಬಹುದಾದ ಮುಖವಲ್ಲ ಅದು.

ಅಲ್ಲಿಗೆ ನನಗೆ ಎಲ್ಲ ಹೊಳೆಯಿತು. ಇವರಿಗೆ ಕಡಲು ಕಷಾಯ. ಶುಂಠಿ ಮೆಣಸಿನ ಕಷಾಯವನ್ನು ಮೂಗು ಹಿಡಿದು ಕುಡಿದವರು, ಮುಖ ಸರಿಹೋದ ಮೇಲೆ "ಈಗ ಹಗುರ ಅನ್ನಿಸುತ್ತೆ ನೋಡು" ಎನ್ನುವುದಿಲ್ಲವೇ? ಮುನ್ನೂರು ವರ್ಷ ಸಮೀಪಿಸುತ್ತ ಬಂದರೂ ಡಾಕ್ಟರನ ಚೀಟಿ ಇನ್ನೂ ಚಾಲ್ತಿಯಲ್ಲಿದೆ. ಕುಡಿಯುವುದನ್ನು ಬಿಟ್ಟಿದ್ದಾರೆ, ಪಥ್ಯ ಬಿಟ್ಟಿಲ್ಲ.

ಬೇಕಾದರೆ ಯಾವುದೇ ಬೀಚಿನಲ್ಲಿ ನಿಂತು ನೋಡಿ. ಬೆಳಗ್ಗೆ ಹತ್ತಕ್ಕೆ ಒಂದು ಸಂಸಾರ ಬರುತ್ತದೆ. ಅಪ್ಪ ಮರದ ಸುತ್ತಿಗೆ ತೆಗೆದು ಗೂಟ ಹೊಡೆದು, ಪಟ್ಟೆಪಟ್ಟೆ ಬಟ್ಟೆಯ ಗಾಳಿತಡೆ ನಿಲ್ಲಿಸುತ್ತಾನೆ. ಗಾಳಿ ದಿಕ್ಕು ಬದಲಿಸುತ್ತದೆ. ಅವನು ಚಕಾರವೆತ್ತದೆ ಎಲ್ಲ ಕಿತ್ತು ಇನ್ನೊಂದು ಕಡೆಗೆ ಹೊಡೆಯುತ್ತಾನೆ. ಅಮ್ಮ ಸ್ಯಾಂಡ್‌ವಿಚ್ ಹಂಚುತ್ತಾಳೆ, ಒಳಗೆ ಹ್ಯಾಮು, ಚೀಸು ಮತ್ತು ಆ ಊರಿನ ಮರಳು. ಮಳೆ ಬಂದರೆ ನಾವು ಎದ್ದು ಓಡುತ್ತೇವೆ, ಅವರು ಕೋಟಿನ ಟೋಪಿ ಮೇಲೆಳೆದುಕೊಂಡು ಕೂತಲ್ಲೇ ಕೂರುತ್ತಾರೆ. ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬಾರದಲ್ಲ! ವಯಸ್ಸಾದ ದಂಪತಿಗಳ ಪದ್ಧತಿ ಬೇರೆ. ಅವರು ಕಾರನ್ನು ಸಮುದ್ರಕ್ಕೆ ಮುಖಮಾಡಿ ನಿಲ್ಲಿಸಿ, ಗಾಜು ಏರಿಸಿ, ಫ್ಲಾಸ್ಕಿನ ಟೀ ಕುಡಿಯುತ್ತ ಎರಡು ಗಂಟೆ ಮಾತಿಲ್ಲದೆ ಅಲೆ ನೋಡುತ್ತಾರೆ. ಈ ಪದ್ಧತಿಯ ಬಗ್ಗೆ ಮಾತ್ರ ನನಗೆ ಪೂರ್ಣ ಗೌರವ.

ಹಣವಂತರ ಪಥ್ಯ ಇನ್ನೂ ಕಠಿಣ. ಡಾರ್ಸೆಟ್ ಕಡಲಂಚಿನ ಮಡೀಫೋರ್ಡ್‌ನಲ್ಲಿ ಮರದ ಬೀಚ್ ಹಟ್‌ಗಳಿವೆ. ಒಂದೊಂದು 3 ಲಕ್ಷ ಪೌಂಡಿಗೂ ಮೇಲೆ ಮಾರಾಟವಾಗಿದೆ. ಅದು ದೊಡ್ಡದೊಂದು ಷೆಡ್ಡು. ಒಳಗೆ ಕಕ್ಕಸಿಲ್ಲ, ಸಾರ್ವಜನಿಕ ಶೌಚಾಲಯಕ್ಕೆ ನಡೆದು ಹೋಗಬೇಕು. ಯಜಮಾನರು ಅದರ ಮುಂದೆ ನಿಂತು ಬಾಯಿ ಬಿಟ್ಟು ನೋಡುತ್ತಿದ್ದಾಗ, "ಇದೇ ದುಡ್ಡಿಗೆ ಲೆಸ್ಟರಿನಲ್ಲಿ ಮೂರು ಬೆಡ್‌ರೂಮಿನ ಮನೆ ಬರುತ್ತೆ, ಕಕ್ಕಸಿನ ಸಮೇತ" ಎಂದು ಕೈಹಿಡಿದು ಕರೆತಂದೆ.

ಇನ್ನು ಪಿಯರ್ ಎಂಬ ವಿಚಿತ್ರ. ಸಮುದ್ರದೊಳಕ್ಕೆ ಚಾಚಿದ, ಆಚೆ ದಡ ಮುಟ್ಟದ ಸೇತುವೆ. ಕಾಲು ಒದ್ದೆಯಾಗದಂತೆ ಕಡಲಿನ ಮೇಲೆ ಹೋಗಿ, ತುದಿಯಲ್ಲಿ ಟೀ ಕುಡಿದು ವಾಪಸು ಬರುವುದಕ್ಕೆ ವಿಕ್ಟೋರಿಯಾ ಕಾಲದವರು ಊರೂರಿಗೆ ಇದನ್ನು ಕಟ್ಟಿದರು. ಸೌತೆಂಡಿನದು 2 ಕಿಲೋಮೀಟರಿಗೂ ಉದ್ದ, ವಿಹಾರದ ಪಿಯರ್‌ಗಳಲ್ಲಿ ಜಗತ್ತಿನಲ್ಲೇ ದೊಡ್ಡದು. ನಡೆಯಲಾರದವರಿಗೆ ಮೇಲೆಯೇ ರೈಲು ಓಡುತ್ತದೆ. ಇಷ್ಟೆಲ್ಲ ಖರ್ಚು, ನೀರು ಮುಟ್ಟದಿರುವುದಕ್ಕೆ. ಈ ವಿಷಯದಲ್ಲಿ ಅವರೂ ನಾನೂ ಒಂದೇ ಪಕ್ಷ.

ಸಮುದ್ರವೇ ಇಲ್ಲದ ಬೀಚು ಬೇಕಾದರೆ ವೆಸ್ಟನ್-ಸೂಪರ್-ಮೇರ್‌ಗೆ ಹೋಗಬೇಕು. ಅದರ ಮುಂದಿನ ಬ್ರಿಸ್ಟಲ್ ಕಡಲ್ಗಾಲುವೆಯ ಭರತ ಇಳಿತ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ಇಳಿತದ ಹೊತ್ತಿಗೆ ನೀರು ಒಂದು ಮೈಲಿಗೂ ಆಚೆ ಹೋಗಿ ಕೂರುತ್ತದೆ. ನಾವು ಊಟದ ಡಬ್ಬಿ ಹಿಡಿದು ಇಳಿದಾಗ ಮುಂದೆ ಕಂಡದ್ದು ಬರೀ ಕೆಸರು. ಕತ್ತೆಗಳು ಮಕ್ಕಳನ್ನು ಹೊತ್ತು ಆ ಕಡೆ ಈ ಕಡೆ ತಿರುಗುತ್ತಿದ್ದವು. "ಅಮ್ಮಾ, ಸೀ ಎಲ್ಲಿ?" ಎಂದಳು ಮಗಳು. ಯಜಮಾನರು ಗಡಿಯಾರ ನೋಡಿ, "ಬರುತ್ತೆ ಪುಟ್ಟಾ, ಐದೂವರೆಗೆ" ಎಂದರು. ಕೆಸರಿನೊಳಗೆ ಹುಗಿದುಹೋದೀರಿ ಎಂದು ಅಲ್ಲಿ ಬೋರ್ಡು ಹಾಕಿದ್ದಾರೆ. ಅಘನಾಶಿನಿಯ ಇಳಿತದ ಕೆಸರಿನಲ್ಲಿ ನಮ್ಮ ಹೆಂಗಸರು ಸೊಂಟ ಬಗ್ಗಿಸಿ ಬಳಚು ಆಯುವುದನ್ನು ನೋಡಿದ ನನಗೆ, ಇಷ್ಟು ಕೆಸರು ಹೀಗೆ ಬೀಳುಬಿದ್ದದ್ದು ಕಂಡು ಹೊಟ್ಟೆ ಉರಿಯಿತು.

ಬ್ಲ್ಯಾಕ್‌ಪೂಲ್ ನನಗೆ ಇಷ್ಟ, ಅದಕ್ಕೆ ಕಾರಣ ಅದರ ನಾಚಿಕೆಗೇಡಿತನ. ಪ್ಯಾರಿಸ್ಸಿನ ಐಫೆಲ್ ಗೋಪುರ ನೋಡಿ ಬಂದು, 1894ರಲ್ಲಿ 518 ಅಡಿಯ ತಮ್ಮದೇ ಗೋಪುರ ಎಬ್ಬಿಸಿಬಿಟ್ಟರು. ಲ್ಯಾಂಕಾಷೈರಿನ ಹತ್ತಿಗಿರಣಿಗಳು ವರ್ಷಕ್ಕೊಂದು ವಾರ ಬಾಗಿಲು ಹಾಕುತ್ತಿದ್ದವು, ಒಂದೊಂದು ಊರಿಗೆ ಒಂದೊಂದು ವಾರ. ಗಿರಣಿಯ ಪಕ್ಕದವರು, ಬೀದಿಯ ಪಕ್ಕದವರು ಎಲ್ಲ ಒಟ್ಟಿಗೆ ರೈಲು ಹತ್ತಿ ಇಲ್ಲಿ ಬಂದು ಇಳಿಯುತ್ತಿದ್ದರು. ಅಂದರೆ ರಜೆಯಲ್ಲೂ ಅದೇ ನೆರೆಹೊರೆ, ಅದೇ ಜಗಳ, ಗಾಳಿ ಮಾತ್ರ ಹೊಸದು. ಬೇಸಿಗೆ ಮುಗಿದರೂ ಜನ ಬರಲಿ ಎಂದು ಶರತ್ಕಾಲದಲ್ಲಿ ಮೈಲಿಗಟ್ಟಲೆ ದೀಪಾಲಂಕಾರ ಮಾಡುತ್ತಾರೆ. ನಮ್ಮ ಯಜಮಾನರು ಅದನ್ನು ನೋಡಿ, ದಸರಾದ ಸಯ್ಯಾಜಿರಾವ್ ರಸ್ತೆಯ ಮುಂದೆ ಇದೇನೂ ಅಲ್ಲ ಎಂದು ತೀರ್ಪು ಕೊಟ್ಟು, ನಡುಗುತ್ತ ಮೂರು ಸಲ ಟ್ರಾಮ್ ಹತ್ತಿಸಿದರು.

ಊಟದ ವಿಷಯಕ್ಕೆ ಬಂದರೆ ವಿಟ್ಬಿಯ ಕಥೆ ಹೇಳಲೇಬೇಕು. ಯಾರ್ಕ್‌ಷೈರಿನ ಈ ಊರಿನಲ್ಲಿ 199 ಮೆಟ್ಟಿಲು ಹತ್ತಿದರೆ ಗುಡ್ಡದ ಮೇಲೆ ಪಾಳುಬಿದ್ದ ಅಬ್ಬೆ, ಅಂದರೆ ಕ್ರೈಸ್ತ ಮಠ. ಬ್ರಾಂ ಸ್ಟೋಕರ್ 1890ರಲ್ಲಿ ಇಲ್ಲಿ ಬಂದು ತಂಗಿದ, 1897ರಲ್ಲಿ ಅವನ ಡ್ರಾಕುಲಾ ಇದೇ ದಡದಲ್ಲಿ ಹಡಗಿನಿಂದ ಇಳಿದ. ಈಗ ಡ್ರಾಕುಲಾನಿಗೆ ಯಾರೂ ಹೆದರುವುದಿಲ್ಲ, ಹೆದರುವುದು ಕಡಲಹಕ್ಕಿಗೆ. ಹೆರಿಂಗ್ ಗಲ್ ಎಂಬ ಈ ಹಕ್ಕಿ ದೂರದಿಂದ ಬಿಳಿ ಬೂದಿ ಬಣ್ಣದ ಸಾಧು. ಹತ್ತಿರದಿಂದ ನೋಡಿದರೆ ಹಳದಿ ಕೊಕ್ಕು, ಕೆಳಕೊಕ್ಕಿನ ಮೇಲೆ ಕೆಂಪು ಚುಕ್ಕೆ, ರೆಪ್ಪೆ ಬಡಿಯದ ತಣ್ಣನೆಯ ಹಳದಿ ಕಣ್ಣು. ಅದಕ್ಕೆ ಕಾನೂನಿನ ರಕ್ಷಣೆ ಬೇರೆ ಇದೆ. ನಮಗೆ ಇಲ್ಲ.

ಅಂಗಡಿಯ ಸಾಲಿನಲ್ಲಿ ನಿಂತಾಗ ಮೊದಲ ವಿಘ್ನ. ಯಜಮಾನರು ಸಸ್ಯಾಹಾರಿ. ಚಿಪ್ಸ್ ಆಲೂಗಡ್ಡೆಯದ್ದೇ ತಾನೇ ಎಂದು ಕೈಚಾಚಿದರೆ, ಯಾರ್ಕ್‌ಷೈರಿನಲ್ಲಿ ಅದನ್ನು ಕರಿಯುವುದು ಬಹಳ ಕಡೆ ದನದ ಕೊಬ್ಬಿನಲ್ಲಿ. ಅಂಗಡಿಯವನು ಅದನ್ನು ಹೆಮ್ಮೆಯಿಂದಲೇ ಹೇಳಿದ. ಇವರು ಕೈ ಹಿಂದಕ್ಕೆ ಎಳೆದುಕೊಂಡು, ಮನೆಯಿಂದ ತಂದ ಪುಳಿಯೋಗರೆಯ ಡಬ್ಬಿ ಬಿಚ್ಚಿದರು. ನಾನು ಮೀನು ತಿನ್ನುವವಳು, ತಿಂದೆ. ಹ್ಯಾಡಕ್ ಮೀನಿಗೆ ದಪ್ಪ ಹಿಟ್ಟಿನ ಅಂಗಿ, ಮೇಲೆ ಉಪ್ಪು, ವಿನೆಗರ್. ಮೀನು ತಾಜಾ, ಕರಿದದ್ದು ಗರಿಗರಿ, ಸುಳ್ಳು ಹೇಳಬಾರದು. ಆದರೆ ಒಳಗೆ ಒಂದು ಮುಳ್ಳಿಲ್ಲ, ಹೊರಗೆ ಒಂದು ಮೆಣಸಿನಕಾಯಿಯಿಲ್ಲ. ಮುಳ್ಳಿಲ್ಲದ ಮೀನು ತಿನ್ನಲು ನಾಲಿಗೆಗೆ ಏನು ಕೆಲಸ? ತಮ್ಮದೇ ಕಡಲಿನಲ್ಲಿ ಬಂಗುಡೆ ಹಿಂಡುಹಿಂಡಾಗಿ ಓಡಾಡುತ್ತಿದ್ದರೂ ಇವರಿಗೆ ಬೇಡ. ಐಸ್‌ಲ್ಯಾಂಡಿನಿಂದ, ನಾರ್ವೆಯಿಂದ ಕಾಡ್ ತರಿಸಿ ಕರಿಯುತ್ತಾರೆ. ನಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ಒಂದು ಕ್ಷಣ ಸುಮ್ಮನಿದ್ದು, "ಪಾಪ" ಎಂದಳು.

ಹೀಗೆ ನಾನು ವಿಮರ್ಶೆಯಲ್ಲಿ ಮುಳುಗಿದ್ದಾಗ ಹಿಂದಿನಿಂದ ಗಾಳಿ ಬೀಸಿದಂತಾಯಿತು. ಹಕ್ಕಿ ನನ್ನ ಮೀನು ಮುಟ್ಟಲಿಲ್ಲ. ಯಜಮಾನರ ಕೈಯ ಡಬ್ಬಿಯಿಂದ ಒಂದು ಕೊಕ್ಕು ಪುಳಿಯೋಗರೆ ಎತ್ತಿಕೊಂಡು ಗೋಡೆಯ ಮೇಲೆ ಕೂತಿತು. ನುಂಗಿತು. ಆಮೇಲೆ ಕೊಕ್ಕು ತೆರೆದು, ತಲೆ ಕೊಡವಿ, ನಮ್ಮನ್ನು ಹೊಸ ದೃಷ್ಟಿಯಿಂದ ನೋಡಿತು. ಗಲ್‌ಗಳನ್ನು ದಿಟ್ಟಿಸಿ ನೋಡುತ್ತಿದ್ದರೆ ಅವು ತಿಂಡಿಯ ಹತ್ತಿರ ಬರಲು ಸರಾಸರಿ 21 ಸೆಕೆಂಡು ಹೆಚ್ಚು ತಡಮಾಡುತ್ತವೆ ಎಂದು ಎಕ್ಸೆಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ್ದಾರೆ. ಇಪ್ಪತ್ತೊಂದು ಸೆಕೆಂಡಿನಲ್ಲಿ ಪುಳಿಯೋಗರೆ ಮುಗಿಸುವವರು ನಮ್ಮ ಮನೆಯಲ್ಲಿ ಇದ್ದಾರೆ, ಆದರೆ ಅವರು ಆಗ ಇನ್ನೊಂದು ಕೈಯಲ್ಲಿ ಅಬ್ಬೆಯ ಫೋಟೋ ತೆಗೆಯುತ್ತಿದ್ದರು.

ಅಬ್ಬೆಯ ಗುಡ್ಡದಿಂದ ಇಳಿಯುವಾಗ ಯಜಮಾನರು 'ಮೂನ್‌ಸ್ಟೋನ್' ಕಾದಂಬರಿಯ ವಿಷಯ ತೆಗೆದರು. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ಆ ಪತ್ತೇದಾರಿ ಕಾದಂಬರಿ ಶುರುವಾಗುವುದು 1799ರ ಶ್ರೀರಂಗಪಟ್ಟಣದ ಲೂಟಿಯಿಂದ. ಕದ್ದ ವಜ್ರ ಬಂದು ಸೇರುವುದು ಯಾರ್ಕ್‌ಷೈರಿನ ಕಡಲತೀರದ ಒಂದು ಬಂಗಲೆಗೆ. ವಜ್ರ ಕಟ್ಟುಕಥೆ, ಲೂಟಿ ನಿಜ. ಮೈಸೂರಿನವರಿಗೆ ಈ ವಿಷಯದಲ್ಲಿ ಲೆಕ್ಕ ಚುಕ್ತಾ ಆಗಿಲ್ಲ. ಕೆಂಟ್ ಕರಾವಳಿಯ ವಾಲ್ಮರ್ ಕೋಟೆಗೆ ನಮ್ಮನ್ನು ಒಯ್ದದ್ದೂ ಅದಕ್ಕೇ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದು ದರಿಯಾ ದೌಲತ್ ಅರಮನೆಯಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆಗಿ, 1852ರ ಸೆಪ್ಟೆಂಬರಿನಲ್ಲಿ ಈ ಕೋಟೆಯಲ್ಲಿ ಕುರ್ಚಿಯ ಮೇಲೆ ಕೂತಂತೆಯೇ ಪ್ರಾಣ ಬಿಟ್ಟ. ಕುರ್ಚಿಯನ್ನೂ ಬೂಟನ್ನೂ ಇಟ್ಟಿದ್ದಾರೆ. ಯಜಮಾನರು ಬಹಳ ಹೊತ್ತು ಕುರ್ಚಿ ನೋಡಿ, "ನಮ್ಮ ದರಿಯಾ ದೌಲತ್ತಿನ ತೋಟ ಬಿಟ್ಟು ಈ ಗಾಳಿಗೆ ಬಂದು ಕೂತನಲ್ಲೇ" ಎಂದರು. ಅವರ ಮಟ್ಟಿಗೆ ಅಂದು ಲೆಕ್ಕದಲ್ಲಿ ಒಂದಿಷ್ಟು ಜಮೆಯಾಯಿತು.

ವೈಟ್ ದ್ವೀಪದಲ್ಲಿರುವ ವಿಕ್ಟೋರಿಯಾ ರಾಣಿಯ ಓಸ್ಬೋರ್ನ್ ಅರಮನೆಯಲ್ಲಿ ಮಾತ್ರ ನಗುವುದಕ್ಕಾಗಲಿಲ್ಲ. ಅಲ್ಲಿ ಕೊಡಗಿನ ಗೌರಮ್ಮನ ಅಮೃತಶಿಲೆಯ ಅರ್ಧಮೂರ್ತಿ ಇದೆ, ಶಿಲ್ಪಿ ಮರೊಕೆಟ್ಟಿ ಕಡೆದದ್ದು. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿದ ಯಾರೂ ಅದನ್ನು ಸುಮ್ಮನೆ ದಾಟಿ ಹೋಗಲಾರರು. ಗದ್ದುಗೆ ಕಳೆದುಕೊಂಡ ಆ ದೊರೆ ಈ ಮಗಳನ್ನು 1852ರಲ್ಲಿ ಇಂಗ್ಲೆಂಡಿಗೆ ಕರೆತಂದ. ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ದೀಕ್ಷಾಸ್ನಾನ ಮಾಡಿಸಿ ತನ್ನ ಹೆಸರಿಟ್ಟಳು. ಹುಡುಗಿ ಇಪ್ಪತ್ತರ ಆಸುಪಾಸಿನಲ್ಲೇ, 1864ರಲ್ಲಿ ತೀರಿಕೊಂಡಳು. ಮಡಿಕೇರಿಯ ಮಳೆ ಕಂಡಿದ್ದ ಅವಳ ಅಪ್ಪನಿಗೆ ಇಲ್ಲಿಯ ಜಿಟಿಜಿಟಿ ಮಳೆಯಾಗಿ ಕಂಡಿತೋ ಇಲ್ಲವೋ.

ಅದೇ ಅರಮನೆಯ ಕೆಳಗೆ ಖಾಸಗಿ ಬೀಚಿದೆ, ಈಗ ನಮಗೂ ಪ್ರವೇಶವುಂಟು. ರಾಣಿಯ ಬಾತಿಂಗ್ ಮೆಷಿನ್ ಅಲ್ಲೇ ನಿಂತಿದೆ, ಮುಂದೆ ಪರದೆಯ ವರಾಂಡ, ಒಳಗೆ ಬಟ್ಟೆ ಬದಲಿಸುವ ಕೋಣೆ. 1847ರ ಜುಲೈಯಲ್ಲಿ ಮೊದಲ ಸಲ ಇಳಿದಾಗ ರಾಣಿಗೆ ಬಹಳ ಖುಷಿಯಾಯಿತಂತೆ, ತಲೆ ಮುಳುಗಿಸುವವರೆಗೆ. ಮುಳುಗಿಸಿದ ಕೂಡಲೇ ಉಸಿರು ಕಟ್ಟಿತು ಎಂದು ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಅರ್ಧ ಜಗತ್ತು ಆಳಿದವಳ ಗಾಡಿ ಅವಳು ಹೋದ ಮೇಲೆ ಕೋಳಿಗೂಡಾಗಿತ್ತು, ಆಮೇಲೆ ರಿಪೇರಿ ಮಾಡಿಸಿದರು.

ಇಷ್ಟು ಓದಿಯೂ, ಕೇಳಿಯೂ, ಕೋಳಿಗೂಡು ಕಣ್ಣಾರೆ ಕಂಡೂ ನಮ್ಮ ಯಜಮಾನರು ಬುದ್ಧಿ ಕಲಿಯಲಿಲ್ಲ ಎಂಬುದಕ್ಕೆ ವೇಮೌತ್ ಸಾಕ್ಷಿ. ಇಲ್ಲಿ ನಿಜವಾದ ಮರಳಿದೆ. ಪಕ್ಕದ ಚೆಸಿಲ್ ಬೀಚಿನಲ್ಲಿ 18 ಮೈಲಿ ಬರೀ ಕಲ್ಲು. ಒಂದು ತುದಿಯಲ್ಲಿ ಬಟಾಣಿ ಗಾತ್ರ, ಇನ್ನೊಂದು ತುದಿಗೆ ಬರುವಷ್ಟರಲ್ಲಿ ಆಲೂಗಡ್ಡೆ ಗಾತ್ರ. ಕಳ್ಳಸಾಗಣೆಯವರು ಕತ್ತಲಲ್ಲಿ ಕಲ್ಲು ಮುಟ್ಟಿಯೇ ಎಲ್ಲಿ ಇಳಿದಿದ್ದೇವೆಂದು ಹೇಳುತ್ತಿದ್ದರಂತೆ. ವೇಮೌತ್‌ನ ಹೆಮ್ಮೆ ಮೂರನೇ ಜಾರ್ಜ್ ದೊರೆ. ಅವನ ಬಣ್ಣಬಣ್ಣದ ಪ್ರತಿಮೆ ಬೀಚಿನೆದುರೇ ಇದೆ. ಚಿತ್ತ ಕೆಟ್ಟು ಸುಧಾರಿಸಿಕೊಳ್ಳುತ್ತಿದ್ದ ಅವನನ್ನು 1789ರಲ್ಲಿ ಡಾಕ್ಟರುಗಳು ಇಲ್ಲಿಗೆ ಕಳಿಸಿದರು. ದೊರೆ ಮುಳುಗುಹಾಕಿದ್ದೇ ತಡ, ಪಕ್ಕದ ಬಾತಿಂಗ್ ಮೆಷಿನ್ನಿನಲ್ಲಿ ಅಡಗಿ ಕೂತಿದ್ದ ಬ್ಯಾಂಡಿನವರು ರಾಷ್ಟ್ರಗೀತೆ ಊದಿದರು!

ಈ ಕಥೆ ಕೇಳಿದ ಮೇಲೆ ಇವರನ್ನು ಹಿಡಿಯುವವರಿಲ್ಲ. ಆಗಸ್ಟ್ ತಿಂಗಳು, ನೀರು 18 ಡಿಗ್ರಿಯ ಆಜುಬಾಜು. ಕುಮಟೆಯ ನೀರಿಗೂ ಇದಕ್ಕೂ ಹತ್ತು ಡಿಗ್ರಿಯ ಅಂತರ. ಪಂಚೆ ಎತ್ತಿಕಟ್ಟುವ ಅಭ್ಯಾಸದಲ್ಲಿ ಚಡ್ಡಿಯ ಅಂಚು ಹಿಡಿದೆತ್ತಿಕೊಂಡು ನಡೆದರು. ಕೊಲ್ಲಿ ಆಳವಿಲ್ಲ, ಎಷ್ಟು ನಡೆದರೂ ಮೊಣಕಾಲು ದಾಟುವುದಿಲ್ಲ, ಸಂಕಟ ಕಂತಿನ ಮೇಲೆ ಬರುತ್ತದೆ. ತಲೆತುಂಬ ಹೂವಿನ ಟೋಪಿ ಹಾಕಿದ ಎಂಬತ್ತರ ಅಜ್ಜಿಯೊಬ್ಬಳು ಆರಾಮಾಗಿ ಈಜಿಕೊಂಡು ಹೋಗುತ್ತ, ಒಳಗೆ ಇಳಿದ ಮೇಲೆ ಬಹಳ ಚೆನ್ನಾಗಿರುತ್ತೆ ಎಂದು ಇವರಿಗೆ ಧೈರ್ಯ ಹೇಳಿದಳು. ಈ ಮಾತನ್ನು ಈ ದೇಶದ ಪ್ರತಿ ಬೀಚಿನಲ್ಲೂ ಯಾರಾದರೊಬ್ಬರು ಹೇಳುತ್ತಾರೆ, ಹೇಳುವಾಗ ಅವರ ತುಟಿ ನೀಲಿಯಾಗಿರುತ್ತದೆ. ಇವರು ಕಣ್ಣು ಮುಚ್ಚಿ ಮುಳುಗಿದರು. ಮಗಳು ಸಮಯ ನೋಡಿ ಫೋನಿನಲ್ಲಿ 'ಕಾಯೌ ಶ್ರೀಗೌರಿ' ಹಾಕಿದಳು, ಪೂರ್ತಿ ವಾಲ್ಯೂಮಿನಲ್ಲಿ. ಮೈಸೂರು ಸಂಸ್ಥಾನದ ಗೀತೆಗೆ ಮೂರನೇ ಜಾರ್ಜನ ಪ್ರತಿಮೆಯ ಎದುರು ಒಬ್ಬ ಮೈಸೂರಿನವನು ಉಸಿರು ಕಟ್ಟಿ ಮೇಲೆದ್ದ.

ಟವೆಲು ಸುತ್ತಿ ಕೂರಿಸಿ ಫ್ಲಾಸ್ಕಿನ ಕಾಫಿ ಕೊಟ್ಟೆ. ಹಲ್ಲು ಕಟಕಟ ಎನ್ನುತ್ತಿತ್ತು. ಅಷ್ಟರಲ್ಲಿ ಹಾಡು ಕೇಳಿ ಕಿವಿ ನಿಮಿರಿಸಿಕೊಂಡು ಬೆಂಗಳೂರಿನ ನಾಲ್ಕು ಹುಡುಗರು ಬಂದರು, ಓದಲಿಕ್ಕೆ ಬಂದವರು.

"ಕನ್ನಡದವರಾ ಸಾರ್? ನೀರು ಹೇಗಿದೆ?"

ಯಜಮಾನರು ಬೆನ್ನು ನೆಟ್ಟಗೆ ಮಾಡಿ, ದವಡೆ ಬಿಗಿಹಿಡಿದು, "ಇಳಿದ ಮೇಲೆ ಬಹಳ ಚೆನ್ನಾಗಿರುತ್ತಪ್ಪ" ಎಂದರು.

ಅವರ ತುಟಿಯ ಬಣ್ಣ ಹುಡುಗರಿಗೆ ಕಾಣಲಿಲ್ಲವೋ, ಕಂಡೂ ನಂಬಿದರೋ! ಒಬ್ಬ ಆಗಲೇ ಕೂತು ಷೂ ಲೇಸು ಬಿಚ್ಚುತ್ತಿದ್ದ. ನಮ್ಮ ಮಗಳು ಫೋನು ಹಿಡಿದು ಅವನ ಹತ್ತಿರ ಹೋಗಿ ವಿನಯದಿಂದ ಕೇಳಿದಳು: "ಅಣ್ಣಾ, ನಿಮಗೆ ಯಾವ ಹಾಡು ಹಾಕ್ಲಿ?"